ನಲವತ್ತರ ಗೆರೆ ಮತ್ತು ಮೊಳೆಗೆ ನೇತುಹಾಕಿದ ಕವರು

ಅಂಗವಿಕಲರು ಇರುವ ಮನೆಗೆ ಹೋದರೆ ನಡುಮನೆಯ ಗೋಡೆಯ ಮೇಲೋ ಬೀರುವಿನ ಹಿಂದೋ ಒಂದು ಕವರು ಇದ್ದೇ ಇರುತ್ತದೆ. ಬಟ್ಟೆ ಅಂಗಡಿಯವರು ಸೀರೆ ಹಾಕಿ ಕೊಟ್ಟ ಗಟ್ಟಿ ಪ್ಲಾಸ್ಟಿಕ್ ಕವರು. ಒಳಗೆ ಎಕ್ಸ್‌ರೇ, ಮಡಚಿ ಮಡಚಿ ಹರಿಯಲು ಬಂದ ಆಸ್ಪತ್ರೆ ಚೀಟಿ, ಯಾವುದೋ ವರ್ಷದ ರಕ್ತಪರೀಕ್ಷೆ, ಅವಧಿ ಮುಗಿದ ಬಸ್ ಪಾಸು, ರೇಷನ್ ಕಾರ್ಡಿನ ನಾಲ್ಕಾರು ಜೆರಾಕ್ಸು, ಈಗಿನ ಮುಖಕ್ಕೆ ಹೋಲದ ಪಾಸ್‌ಪೋರ್ಟ್ ಸೈಜಿನ ಫೋಟೋ. ಮನೆ ಗುಡಿಸುವಾಗ ಯಾರಾದರೂ 'ಈ ಹಳೇ ಕಾಗದ ಯಾಕೆ ಬೇಕು' ಅಂತ ಅರ್ಧ ಎಸೆದೂ ಆಗಿರುತ್ತದೆ. ಪಿಂಚಣಿ ಬೇಕು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕು, ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಬೇಕು ಎಂದು ಹೊರಟ ದಿನ ಆ ಕವರಿನ ಬೆಲೆ ಗೊತ್ತಾಗುತ್ತದೆ.

ಅಂಗವೈಕಲ್ಯ ಅಳೆಯುವ ವೈದ್ಯರ ಬೋರ್ಡಿನ ಮುಂದೆ ಹೋಗಿ ಬಂದವರನ್ನು ಊರಿನವರು ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಪರ್ಸೆಂಟ್ ಹಾಕಿದ್ರು?' ಆ ಪರ್ಸೆಂಟನ್ನು ಡಾಕ್ಟರ್ ಬರೆಯುತ್ತಾರೆ, ನಿಜ. ಆದರೆ ಅದು ಎಷ್ಟಾಗುತ್ತದೆ ಅನ್ನುವುದರಲ್ಲಿ ಅವತ್ತು ಮೇಜಿನ ಮೇಲೆ ಏನು ಬಿತ್ತು ಅನ್ನುವುದಕ್ಕೆ ದೊಡ್ಡ ಪಾಲಿದೆ. ಕಾಲು ತುಂಡಾದವರಿಗೆ ಕಾಲೇ ಸಾಕ್ಷಿ. ಉಳಿದವರ ಪಾಲಿಗೆ ಸಾಕ್ಷಿಯನ್ನು ವರ್ಷಗಟ್ಟಲೆ ಕೂಡಿಸಿಡಬೇಕಾದವರು ಮನೆಯವರು. ಹಾಗೆ ಕೂಡಿಸಿಡಬೇಕು ಎಂದು ಅವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ.

ಕಾನೂನಿನಿಂದ ಶುರು ಮಾಡೋಣ. ಈಗ ನಡೆಯುತ್ತಿರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. ಈಗ 21. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ಸ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಆಸಿಡ್ ದಾಳಿಗೆ ಒಳಗಾದವರು, ಎಲ್ಲ ಪಟ್ಟಿಗೆ ಬಂದಿದ್ದಾರೆ.

ಇದೇ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಎರಡು ವ್ಯಾಖ್ಯೆಗಳಿವೆ. ಒಂದರಲ್ಲಿ ಪರ್ಸೆಂಟ್ ಮಾತೇ ಇಲ್ಲ. ಬಹುಕಾಲ ಉಳಿಯುವ ದೇಹದ, ಮನಸ್ಸಿನ, ಬುದ್ಧಿಯ ಅಥವಾ ಇಂದ್ರಿಯದ ಕೊರತೆ, ಸುತ್ತಲಿನ ಅಡೆತಡೆಗಳ ಜೊತೆ ಸೇರಿ ಒಬ್ಬ ಮನುಷ್ಯ ಉಳಿದವರ ಸರಿಸಮ ಬದುಕದಂತೆ ಮಾಡಿದರೆ ಅವರು ಅಂಗವಿಕಲರು. ಅಂದರೆ ಮೆಟ್ಟಿಲು ಮಾತ್ರ ಇರುವ ಕಚೇರಿಯೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ವ್ಯಾಖ್ಯೆಯಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಸರ್ಟಿಫಿಕೇಟ್ ಪಡೆದವರ ಮಾತು ಬರುತ್ತದೆ. ಸರ್ಕಾರಿ ಕೆಲಸದ ಶೇ. 4 ಮೀಸಲಾತಿ, ಉನ್ನತ ಶಿಕ್ಷಣದ ಶೇ. 5 ಸೀಟು, ನಮ್ಮ ರಾಜ್ಯದ ಮಾಸಾಶನ, ಎಲ್ಲದಕ್ಕೂ ಬಾಗಿಲು ತೆಗೆಯುವುದು ಈ ಎರಡನೆಯದು. ಮೊದಲನೆಯದು ಓದಲು ಚೆನ್ನಾಗಿದೆ. ಕೌಂಟರಿನಲ್ಲಿ ಕೇಳುವುದು ಎರಡನೆಯದನ್ನೇ.

ನಲವತ್ತು ಯಾಕೆ, ಮೂವತ್ತೈದು ಯಾಕಲ್ಲ? 1995ರ ಕಾಯ್ದೆಯಲ್ಲಿ ಹಾಕಿದ ಗೆರೆ ಅದು. ಹಾಗೇ ಮುಂದುವರಿದಿದೆ.

ಗೆರೆಗಳು ಇನ್ನೂ ಇವೆ. ಯುಡಿಐಡಿ ಕಾರ್ಡಿನ ಬಣ್ಣ ನೋಡಿ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮುಟ್ಟಿದರೆ ನೀಲಿ. ಕರ್ನಾಟಕದ ಮಾಸಾಶನಕ್ಕೆ 75 ಇನ್ನೊಂದು ಗೆರೆ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ 80 ಆಗಬೇಕು, ಬಿಪಿಎಲ್ ಕೂಡ ಆಗಿರಬೇಕು. ಹಾಗಾಗಿ 74ಕ್ಕೂ 75ಕ್ಕೂ ಇರುವ ವ್ಯತ್ಯಾಸ ದೇಹದಲ್ಲಿ ಕಾಣದಿದ್ದರೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ.

ಸರ್ಟಿಫಿಕೇಟಿಗೆ ಏನೇನು ಕೊಡಬೇಕು ಎಂದು ನಿಯಮದಲ್ಲಿ ಬರೆದಿರುವ ಪಟ್ಟಿ ಬಹಳ ಚಿಕ್ಕದು. ಅರ್ಜಿ, ಇತ್ತೀಚಿನ ಫೋಟೋ, ಗುರುತಿನ ದಾಖಲೆ, ಆಧಾರ್. 2021ರ ಜೂನ್‌ನಿಂದ ಸರ್ಟಿಫಿಕೇಟ್ ಕೊಡುವುದು ಯುಡಿಐಡಿ ಪೋರ್ಟಲ್ ಮೂಲಕವೇ. ಇಷ್ಟೇನಾ ಅಂತ ಖುಷಿಯಾಗಿ ಹೊರಟರೆ ಆಸ್ಪತ್ರೆಯಲ್ಲಿ ಕೇಳುವ ಮೊದಲ ಮಾತು, 'ಹಳೇ ರಿಪೋರ್ಟ್ ಎಲ್ಲಿ?' ಡಾಕ್ಟರ್ ಕೇಳುವುದು ತಪ್ಪೂ ಅಲ್ಲ. ಅವರು ಈ ಮನುಷ್ಯನನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದಾರೆ. ಹೊರಗೆ ಸಾಲು ನಿಂತಿದೆ.

ಅಡಿಕೆ ಮರ ಹತ್ತುವ ಒಬ್ಬ ಕೊನೆಗಾರ ಅಂತಿಟ್ಟುಕೊಳ್ಳಿ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಹತ್ತಿ, ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಒಂದು ಕಾಲಿಗೆ ಶಕ್ತಿ ಇಲ್ಲ, ಇನ್ನೊಂದಕ್ಕೆ ಅರ್ಧ. ಸರ್ಟಿಫಿಕೇಟಿಗೆ ಹೋದಾಗ ಡಾಕ್ಟರ್ ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಅಳೆಯುತ್ತಾರೆ. ಸ್ನಾಯುವಿನ ಶಕ್ತಿಗೆ 0ಯಿಂದ 5ರವರೆಗೆ ಅಂಕ ಹಾಕುತ್ತಾರೆ. ಇಷ್ಟು ಅವತ್ತೇ ಆಗುತ್ತದೆ. ಆದರೆ ಉಚ್ಚೆಯ ಮೇಲೆ ಹಿಡಿತ ತಪ್ಪಿರುವುದು? ಅದು ಮೇಜಿನ ಮೇಲೆ ಮಲಗಿಸಿದರೆ ಕಾಣುವುದಿಲ್ಲ. ಆತನಾಗಿ ಹೇಳಲು ನಾಚಿಕೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಇದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುವ ಭರವಸೆ. ಹಾಗಾಗಿ ಇಂಥವರು ಒಯ್ಯಬೇಕಾದ ಕಾಗದಗಳಲ್ಲಿ ಎಕ್ಸ್‌ರೇಗಿಂತ ಡಿಸ್ಚಾರ್ಜ್ ಸಮ್ಮರಿ ಮೇಲು ಎಂಬುದು ನನ್ನ ಅನಿಸಿಕೆ. ಬಿದ್ದದ್ದು ಯಾವಾಗ, ಸೇರಿಸಿದ್ದು ಯಾವಾಗ, ಏನು ಆಪರೇಷನ್, ಮನೆಗೆ ಕಳಿಸುವಾಗ ಸ್ಥಿತಿ ಏನು, ಎಲ್ಲ ಒಂದೇ ಕಡೆ ಇರುತ್ತದೆ. ಎಂಆರ್‌ಐ ಫಿಲ್ಮ್ ಇದ್ದರೆ ಒಯ್ಯಿರಿ, ಆದರೆ ಜೊತೆಗಿನ ರಿಪೋರ್ಟ್ ಕಾಗದ ಮುಖ್ಯ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವಷ್ಟು ಪುರಸೊತ್ತು ಎಲ್ಲರಿಗೂ ಇರುವುದಿಲ್ಲ.

ಇನ್ನು ಎಲುಬು ಮುರಿದಾಗ ಆಸ್ಪತ್ರೆ ಬಿಟ್ಟು ಪುತ್ತೂರು ಕಟ್ಟು ಹಾಕಿಸಿಕೊಂಡವರದು ಬೇರೆಯೇ ಕಥೆ. ಗುಣವಾಯಿತೋ ಬಿಟ್ಟಿತೋ, ಕಾಗದ ಇಲ್ಲ. ಮನೋರೋಗಕ್ಕೆ ಮೊದಲ ನಾಲ್ಕೈದು ವರ್ಷ ದೇವಸ್ಥಾನ, ದರ್ಗಾ, ಮಂತ್ರವಾದಿ ಅಂತ ಸುತ್ತಿದವರಿಗೂ ಹಾಗೆಯೇ. ಆ ಅಲೆದಾಟದಲ್ಲಿ ಖರ್ಚಾದದ್ದು ನಿಜ, ನರಳಿದ್ದು ನಿಜ, ಚೀಟಿ ಮಾತ್ರ ಇಲ್ಲ. ಕಾಯಿಲೆ ಶುರುವಾದದ್ದು ಮೊದಲ ಓಪಿಡಿ ಚೀಟಿಯ ತಾರೀಕಿನಿಂದ ಅನ್ನುವಂತೆ ಆಗಿಬಿಡುತ್ತದೆ.

ಆತುರವೂ ಕೆಲಸ ಕೆಡಿಸುತ್ತದೆ. ಲಕ್ವ ಹೊಡೆದ ಮುಂದಿನ ತಿಂಗಳೇ ಸರ್ಟಿಫಿಕೇಟಿಗೆ ಓಡಿದರೆ 'ಇನ್ನೂ ಚೇತರಿಸಿಕೊಳ್ಳಬಹುದು, ಆಮೇಲೆ ಬನ್ನಿ' ಎಂದು ಕಳಿಸುತ್ತಾರೆ, ಇಲ್ಲವೇ ತಾತ್ಕಾಲಿಕ ಎಂದು ಬರೆದು ಅವಧಿ ಹಾಕುತ್ತಾರೆ. ಚಿಕಿತ್ಸೆ ಒಂದು ಹಂತಕ್ಕೆ ಬಂದು ನಿಂತ ಮೇಲೆ ಉಳಿದುಕೊಂಡ ಕೊರತೆಯನ್ನು ಅಳೆಯುವುದು ಪದ್ಧತಿ. ಆ ನಡುವಿನ ತಿಂಗಳುಗಳ ಫಿಸಿಯೋಥೆರಪಿ ಚೀಟಿಗಳೇ ಆಮೇಲೆ 'ಇವರು ಪ್ರಯತ್ನ ಪಟ್ಟರೂ ಇಷ್ಟೇ ಆಯಿತು' ಎಂದು ಹೇಳುತ್ತವೆ.

ಲೆಕ್ಕದ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಬಹಳ ಜನ ಇಲ್ಲೇ ಕಳೆದುಕೊಳ್ಳುತ್ತಾರೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ, ಅಂಗವೈಕಲ್ಯ ಅಳೆಯುವ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಶೇ. 30. ಅಂದರೆ 40ರ ಗೆರೆ ಮುಟ್ಟುವುದಿಲ್ಲ. ಒಕ್ಕಣ್ಣಿನವರು 'ಒಂದು ಕಣ್ಣೇ ಇಲ್ಲ, ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು' ಎಂದು ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇನೆ. ಜಗಳದಿಂದ ಪರ್ಸೆಂಟ್ ಏರುವುದಿಲ್ಲ. ಕಿವಿಯದೂ ಹಾಗೇ, ಕಾಯ್ದೆಯ ವ್ಯಾಖ್ಯೆ ಕೇಳುವುದು ಎರಡೂ ಕಿವಿಯ ನಷ್ಟವನ್ನು. ಕಣ್ಣನ್ನು ಅಳೆಯುವುದು ಕನ್ನಡಕ ಹಾಕಿದ ಮೇಲೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದರೆ ಪರ್ಸೆಂಟ್ ಜಾಸ್ತಿ ಬರುತ್ತದೆ ಅನ್ನುವುದು ಸುಮ್ನೆ ಭ್ರಮೆ, ಇನ್ನೊಂದು ದಿನ ಬರಬೇಕಾಗುತ್ತದೆ ಅಷ್ಟೆ.

ಆದರೆ ಅದೇ ಒಕ್ಕಣ್ಣಿನವರಿಗೆ ಹಿಂದೆಂದೋ ಮುರಿದ ಕಾಲಿನಿಂದ ಶೇ. 15ರಷ್ಟು ಕೊರತೆ ಉಳಿದಿದೆ ಎನ್ನಿ. ಎರಡನ್ನೂ ಸೇರಿಸಲು ಒಂದು ಸೂತ್ರ ಇದೆ. 90ರಲ್ಲಿ ದೊಡ್ಡ ಸಂಖ್ಯೆಯನ್ನು ಕಳೆಯಿರಿ. ಬಂದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಕೂಡಿಸಿ. 90ರಲ್ಲಿ 30 ಹೋದರೆ 60. ಅದನ್ನು 15ರಿಂದ ಗುಣಿಸಿದರೆ 900. 90ರಿಂದ ಭಾಗಿಸಿದರೆ 10. 30ಕ್ಕೆ ಕೂಡಿಸಿದರೆ ಸರಿಯಾಗಿ 40. ಕಾಲಿನ ಹಳೆಯ ಕಾಗದ ಕವರಿನಲ್ಲೇ ಉಳಿದು ಅರ್ಜಿಯಲ್ಲಿ ಬರೀ 'ಕಣ್ಣು' ಎಂದಿದ್ದರೆ ಈ 10 ಬರುವುದೇ ಇಲ್ಲ. ಕಣ್ಣಿನ ಡಾಕ್ಟರ್ ಕಾಲು ನೋಡುವುದಿಲ್ಲ. ಒಂದಕ್ಕಿಂತ ಹೆಚ್ಚು ತೊಂದರೆ ಇದ್ದರೆ ಅರ್ಜಿ ಹಾಕುವಾಗಲೇ ಎಲ್ಲವನ್ನೂ ಹೇಳಬೇಕು.

ಈಗ ಕಣ್ಣಿಗೆ ಕಾಣದ್ದರ ಕಡೆ ಬರೋಣ. ಪ್ರಶ್ನೆ ನಿಜವಾಗಿ ಕಷ್ಟವಾಗುವುದು ಇಲ್ಲಿ.

ಮನೋರೋಗದಿಂದ ಆದ ಅಂಗವೈಕಲ್ಯವನ್ನು ಅಳೆಯಲು ಐಡಿಯಾಸ್ ಎಂಬ ಅಳತೆಪಟ್ಟಿ ಇದೆ. ಭಾರತೀಯ ಮನೋವೈದ್ಯರ ಸಂಘ ಮಾಡಿದ್ದು. ನಾಲ್ಕು ವಿಷಯ ಕೇಳುತ್ತಾರೆ: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ಜೊತೆಗೆ ಕಾಯಿಲೆ ಕಾಡಿದ ಅವಧಿಗೂ ಅಂಕ. ಇಲ್ಲಿ ನೋಡುವುದು ಕಳೆದ ಎರಡು ವರ್ಷದಲ್ಲಿ ಎಷ್ಟು ತಿಂಗಳು ಲಕ್ಷಣಗಳಿದ್ದವು ಎನ್ನುವುದನ್ನು. ಸ್ಕಿಜೋಫ್ರೇನಿಯಾ ಎಂಬ ಹೆಸರು ಚೀಟಿಯಲ್ಲಿ ಇದ್ದ ಮಾತ್ರಕ್ಕೆ ಪರ್ಸೆಂಟ್ ಬರುವುದಿಲ್ಲ. ಎದ್ದು ಹಲ್ಲುಜ್ಜುತ್ತಾರಾ, ಹೇಳದೆ ಸ್ನಾನ ಮಾಡುತ್ತಾರಾ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿಕೊಂಡು ಬರುತ್ತಾರಾ ಅನ್ನುವುದು ಬೇಕು. ಮನೆಯವರಿಗೆ ಮಾತ್ರ ಗೊತ್ತಿರುವ ವಿಷಯ ಇದು.

ನಮ್ಮ ಸಂಬಂಧದಲ್ಲಿ ಒಬ್ಬರು ಚಿಕ್ಕಮ್ಮ ಇದ್ದಾರೆ. ಅವರನ್ನು ಹೀಗೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಹೋಗುವ ದಿನ ಬೆಳಿಗ್ಗೆ ಸೊಸೆ ತಲೆಸ್ನಾನ ಮಾಡಿಸಿ, ಜಡೆ ಹೆಣೆದು, ಒಳ್ಳೆ ಸೀರೆ ಉಡಿಸಿದಳು. ದೊಡ್ಡಾಸ್ಪತ್ರೆಗೆ ಹೋಗುವಾಗ ಹೇಗೇಗೋ ಹೋಗಲು ಆಗುತ್ತದಾ, ಅಲ್ವಾ? ಡಾಕ್ಟರ್ ಕೇಳಿದರು, 'ಹೇಗಿದ್ದೀರಮ್ಮ?'

'ಚೆನ್ನಾಗಿದೀನಿ ಸಾರ್.'

'ಅಡುಗೆ ಯಾರು ಮಾಡ್ತಾರೆ?'

'ನಾನೇ ಮಾಡ್ತೀನಿ.'

ಮಗ ತಡೆಯಲಾರದೆ, 'ಅಮ್ಮ, ನೀನು ಒಲೆ ಹತ್ರ ಹೋಗಿ ಎಷ್ಟು ವರ್ಷ ಆಯ್ತು ಹೇಳು' ಅಂದ. ಚಿಕ್ಕಮ್ಮನಿಗೆ ಕೋಪ ಬಂತು. ಆಮೇಲೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಆ ಮೌನವನ್ನು ಡಾಕ್ಟರ್ ಹೇಗೆ ಬರೆದುಕೊಂಡರೋ. ನಮಗೆ ಅವತ್ತು ಸಿಕ್ಕಿದ್ದು ಆರು ತಿಂಗಳು ಬಿಟ್ಟು ಬನ್ನಿ ಎಂಬ ಮಾತು.

ಆಕೆ ಸುಳ್ಳು ಹೇಳಿದರು ಎಂದು ನನಗೆ ಅನಿಸುವುದಿಲ್ಲ. ಅಡುಗೆಮನೆಯನ್ನು ಆಳಿದ ಹೆಂಗಸು ಪರಊರಿನ ಗಂಡಸಿನ ಎದುರು 'ನನ್ನ ಕೈಲಿ ಏನೂ ಆಗಲ್ಲ' ಅನ್ನುವುದು ಹೇಗೆ? ನಮ್ಮಲ್ಲಿ 'ಹೇಗಿದ್ದೀರಿ' ಅಂದರೆ 'ಚೆನ್ನಾಗಿದ್ದೀವಿ' ಅನ್ನುವುದು ಮರ್ಯಾದೆ. ನೋವು ಹೇಳಿಕೊಳ್ಳುವುದು ಗೋಳು. ಮರ್ಯಾದೆಯ ಈ ಉತ್ತರ ಬೋರ್ಡಿನ ಹಾಳೆಯಲ್ಲಿ 'ತೊಂದರೆ ಇಲ್ಲ, 0' ಎಂದು ದಾಖಲಾಗಬಹುದು. ಜೊತೆಗೆ ಹೋದವರು ನಡುವೆ ಬಾಯಿ ಹಾಕಿದರೆ 'ಅವರೇ ಹೇಳಲಿ ಬಿಡಿ' ಎಂಬ ಗದರಿಕೆ ಬೇರೆ.

ಇದಕ್ಕೆ ನನಗೆ ತೋಚುವ ದಾರಿ ಎಂದರೆ ಮೊದಲೇ ಬರೆದುಕೊಂಡು ಹೋಗುವುದು. ದೊಡ್ಡ ಪ್ರಬಂಧ ಬೇಡ. ಒಂದು ಹಾಳೆ ಸಾಕು. 'ಸೋಮವಾರ: ಎರಡು ಸಲ ಹೇಳಿದ ಮೇಲೆ ಸ್ನಾನ. ಮಂಗಳವಾರ: ಊಟ ಬಿಟ್ಟರು. ಬುಧವಾರ: ರಾತ್ರಿ ಎದ್ದು ಬೀದಿಗೆ ಹೋಗಿದ್ದರು, ಪಕ್ಕದ ಮನೆಯವರು ಕರೆತಂದರು.' ಹೀಗೆ ಎರಡು ಮೂರು ವಾರ. 'ಬಹಳ ಕಷ್ಟ ಇದೆ, ದಯವಿಟ್ಟು ಸಹಾಯ ಮಾಡಿ' ಎಂದು ಬರೆದ ಹಾಳೆಯನ್ನು ಯಾರೂ ಎರಡನೇ ಸಲ ಓದುವುದಿಲ್ಲ. ದಿನ, ಘಟನೆ, ಯಾರು ನೋಡಿಕೊಂಡರು, ಇಷ್ಟಿದ್ದರೆ ಓದುತ್ತಾರೆ. ಇದು ಕಾನೂನು ಕೇಳುವ ದಾಖಲೆ ಅಲ್ಲ. ಡಾಕ್ಟರ್ ಅದನ್ನು ನೋಡಲೇಬೇಕೆಂಬ ನಿಯಮವೂ ಇಲ್ಲ. ಆದರೂ ರೋಗಿಯ ಎದುರಿಗೇ ಬಾಯಿಬಿಟ್ಟು ಹೇಳಲಾಗದ್ದನ್ನು ಒಂದು ಮಡಚಿದ ಹಾಳೆ ಹೇಳುತ್ತದೆ.

ಜೊತೆಗೆ ಪ್ರತಿ ತಿಂಗಳ ಓಪಿಡಿ ಚೀಟಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಅಲ್ಲಿ ಮಾತ್ರೆ ತೆಗೆದುಕೊಂಡ ಚೀಟಿ ಎರಡು ವರ್ಷದ್ದು ಒಟ್ಟಿಗೆ ಪಿನ್ ಹಾಕಿಟ್ಟರೆ ಅವಧಿಯ ಅಂಕಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಮಾತ್ರೆ ಮುಗಿದ ಕೂಡಲೇ ಚೀಟಿ ಬಿಸಾಡುವುದು ನಮ್ಮ ಅಭ್ಯಾಸ. ಕೆಲವರು ಬೇಕೆಂದೇ ಬಿಸಾಡುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ, 'ಮೆಂಟಲ್' ಎಂಬ ಸರ್ಟಿಫಿಕೇಟ್ ಇದೆ ಅಂತ ಗೊತ್ತಾದರೆ ಸಂಬಂಧ ಬರುತ್ತದಾ ಎಂಬ ಭಯ. ಈ ಭಯವನ್ನು ಹಗುರವಾಗಿ ತಳ್ಳಿಹಾಕಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಅದಕ್ಕೆ ತೆರುವ ಬೆಲೆ ಆ ರೋಗಿಯ ಪಿಂಚಣಿ.

ಬ್ರಿಟನ್‌ನಲ್ಲಿ 2013ರಿಂದ ಅಂಗವಿಕಲರಿಗೆ ಪಿಐಪಿ ಎಂಬ ಭತ್ಯೆ ಇದೆ. ಅಲ್ಲಿನ ಪದ್ಧತಿ ನಮ್ಮದಕ್ಕಿಂತ ಬೇರೆ. ಪರ್ಸೆಂಟ್ ಇಲ್ಲ. ಅಡುಗೆ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ದುಡ್ಡಿನ ವ್ಯವಹಾರ, ನಡೆಯುವುದು, ದಾರಿ ಹಿಡಿದು ಹೋಗುವುದು, ಹೀಗೆ 12 ಕೆಲಸಗಳಿವೆ. ಒಂದೊಂದರಲ್ಲಿ ಎಷ್ಟು ತೊಡಕು ಅನ್ನುವುದಕ್ಕೆ ಪಾಯಿಂಟು. 8 ಬಂದರೆ ಒಂದು ದರ, 12 ಬಂದರೆ ಮೇಲಿನ ದರ. ತೊಡಕು ಅರ್ಧಕ್ಕಿಂತ ಹೆಚ್ಚು ದಿನ ಇರಬೇಕು. ಅರ್ಜಿದಾರರೇ ದೊಡ್ಡ ಫಾರಂ ತುಂಬಿ ತಮ್ಮ ದಿನಚರಿ ಬರೆಯಬೇಕು. ಹಾಗೆಂದು ಅಲ್ಲಿ ಎಲ್ಲ ಸರಿ ಎಂದಲ್ಲ. ಬರೆದದ್ದನ್ನು ನಂಬುವುದಿಲ್ಲ ಎಂಬ ದೂರು ಅಲ್ಲೂ ಜೋರಾಗಿದೆ. ಆದರೆ ಬದುಕಿನ ತೊಡಕನ್ನು ಹೇಳಲು ಒಂದು ಜಾಗವಾದರೂ ಫಾರಂನಲ್ಲಿದೆ. ನಮ್ಮ ಅರ್ಜಿಯಲ್ಲಿ ಆ ಜಾಗ ಇಲ್ಲ. ಕಾಯ್ದೆಯ ಮೊದಲ ವ್ಯಾಖ್ಯೆಯಲ್ಲಿ 'ಅಡೆತಡೆ' ಎಂದು ಬರೆದವರು ಅರ್ಜಿಯಲ್ಲೂ ಅದಕ್ಕೊಂದು ಕಾಲಂ ಇಡಬಹುದಿತ್ತು.

ಮಕ್ಕಳ ವಿಷಯ. ಬುದ್ಧಿಮಾಂದ್ಯತೆಗೆ ಐಕ್ಯೂ ಒಂದೇ ಸಾಲದು. ಮಗು ತಾನಾಗಿ ಉಣ್ಣುತ್ತದಾ, ಗುಂಡಿ ಹಾಕಿಕೊಳ್ಳುತ್ತದಾ, ಓಣಿಯಲ್ಲಿ ಒಂಟಿಯಾಗಿ ಓಡಾಡುತ್ತದಾ ಎಂದು ತಾಯಿಯನ್ನು ಕೇಳಿ ಅಂಕ ಹಾಕುವ ಪರೀಕ್ಷೆಯೂ ಇದೆ. ಆಟಿಸಂಗೆ 40 ಅಂಶಗಳ ಭಾರತೀಯ ಅಳತೆಪಟ್ಟಿ. ಕಿವಿ ಕೇಳದ ಕೂಸಿಗೆ, ಸದ್ದಿಗೆ ಮಿದುಳು ಹೇಗೆ ಸ್ಪಂದಿಸುತ್ತದೆ ಎಂದು ನೋಡುವ ಬೆರಾ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳನ್ನು ಎತ್ತಿಕೊಂಡು ಬರುವುದು ಇದಕ್ಕೇ. ಕಲಿಕಾ ನ್ಯೂನತೆಗೆ ನಿಮ್ಹಾನ್ಸ್‌ನಲ್ಲಿ ರೂಪಿಸಿದ ಪರೀಕ್ಷೆಗಳ ಗುಚ್ಛ ಇದೆ. 8 ವರ್ಷ ತುಂಬಿದ ಮೇಲೆ ಪರೀಕ್ಷೆ, 14ಕ್ಕೆ ಮತ್ತು 18ಕ್ಕೆ ಮತ್ತೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದಾಗ 'ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆದುಕೊಡುವವರು) ಬೇಕು' ಎಂದು ಓಡುವ ಅಪ್ಪ ಅಮ್ಮಂದಿರಿಗೆ ಸಾಕ್ಷಿ ಸಿಗುವುದು ಆಸ್ಪತ್ರೆಯಲ್ಲಲ್ಲ, ಮೂರನೇ ಕ್ಲಾಸಿನ ಕಾಪಿ ಪುಸ್ತಕದಲ್ಲಿ. ಅಕ್ಷರ ತಿರುಗುಮುರುಗಾಗಿರುವುದು, 'ಗಮನ ಇಲ್ಲ' ಎಂದು ಟೀಚರ್ ಕೆಂಪು ಶಾಯಿಯಲ್ಲಿ ಬರೆದದ್ದು. ಅದನ್ನು ಆ ವರ್ಷವೇ ರದ್ದಿಗೆ ಹಾಕಿರುತ್ತೇವೆ.

ಕಾಯಿಲೆಗೆ ಸಾಕ್ಷಿ ಒಂದು ಕಡೆಯಾದರೆ 'ನಾನು ನಾನೇ' ಎನ್ನುವುದಕ್ಕೆ ಸಾಕ್ಷಿ ಇನ್ನೊಂದು ಕಡೆ. ಆಸ್ಪತ್ರೆ ಚೀಟಿಯಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿ ಇನ್ನೇನೋ. ಡಾಕ್ಟರ್ ಇದನ್ನು ಬಿಟ್ಟಾರು, ಕಂಪ್ಯೂಟರ್ ಬಿಡುವುದಿಲ್ಲ. ಕುಷ್ಠದಿಂದ ಬೆರಳು ಸವೆದವರಿಗೆ ಬೆರಳಚ್ಚು ಇಲ್ಲ. ಆಸಿಡ್ ದಾಳಿಯಲ್ಲಿ ರೆಪ್ಪೆ ಕಳೆದುಕೊಂಡವರಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದರೆ ಹೇಗೆ? ಇಂಥ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವಂತೆ ಇರುವುದು ಜೀವಿಸುವ ಹಕ್ಕಿನ ಭಾಗ ಎಂದ ಕೋರ್ಟ್, ಗುರುತು ಖಚಿತಪಡಿಸುವ ಕೆವೈಸಿಗೆ ಬೇರೆ ದಾರಿಗಳನ್ನು ಕೊಡಬೇಕೆಂದು 20 ನಿರ್ದೇಶನ ಕೊಟ್ಟಿತು.

ಇಷ್ಟೊಂದು ಸಾಕ್ಷಿ ಯಾಕೆ ಕೇಳುತ್ತಾರೆ? ಕಾರಣ ಎಲ್ಲರಿಗೂ ಗೊತ್ತು. ಸುಳ್ಳು ಸರ್ಟಿಫಿಕೇಟ್ ಇವೆ. ಬ್ರೋಕರ್‌ಗಳಿದ್ದಾರೆ. 2024ರಲ್ಲಿ ಮಹಾರಾಷ್ಟ್ರದ ತರಬೇತಿಯ ಐಎಎಸ್ ಅಧಿಕಾರಿಯೊಬ್ಬರ ಅಂಗವೈಕಲ್ಯದ ಸರ್ಟಿಫಿಕೇಟ್ ಬಗ್ಗೆ ಎದ್ದ ಆರೋಪ ದೇಶವೆಲ್ಲ ಸುದ್ದಿಯಾಯಿತು. ಮೋಸದಿಂದ ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ಇರಲಿ, ಬೇಕು. ನನ್ನ ತಕರಾರು ಬೇರೆ. ಮೋಸ ಮಾಡುವವರ ಕಾಗದ ಯಾವತ್ತೂ ಪಕ್ಕಾ ಇರುತ್ತದೆ. ಅವರಿಗೆ ಫೈಲ್ ಮಾಡಿಕೊಡುವವರಿದ್ದಾರೆ. ಕಾಗದ ಜಾಸ್ತಿ ಕೇಳಿದಷ್ಟೂ ಹೊರಗೆ ಉಳಿಯುವುದು ಬಸ್ ಚಾರ್ಜಿಗೆ ಸಾಲ ಮಾಡಿ ಬಂದವರು. ಬರುವವರನ್ನೆಲ್ಲ ಮೊದಲು ಅನುಮಾನದಿಂದ ನೋಡುವ ಬದಲು, ಸಿಕ್ಕಿಬಿದ್ದ ಸರ್ಟಿಫಿಕೇಟಿಗೆ ಸಹಿ ಹಾಕಿದವರನ್ನು ಹಿಡಿದರೆ ಕೆಲಸ ಬೇಗ ಆಗುತ್ತದೆ.

ಕೋರ್ಟುಗಳು ಈಚೆಗೆ ಪರ್ಸೆಂಟಿನ ಆಚೆ ನೋಡುತ್ತಿವೆ. 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣ ಬಂತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು. ಸ್ಕ್ರೈಬ್ ಕೊಡಲು ಶೇ. 40 ಇರಲೇಬೇಕೆಂದಿಲ್ಲ ಎಂದಿತು ಸುಪ್ರೀಂ ಕೋರ್ಟ್. 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೊಂಡ್ ಪ್ರಕರಣದಲ್ಲಿ ಸಂಖ್ಯೆ ತಿರುಗಿಬಿದ್ದಿತ್ತು. ಮಾತಿನ ತೊಂದರೆ ಶೇ. 44-45 ಇದೆ, 40 ದಾಟಿದೆ, ಆದ್ದರಿಂದ ಎಂಬಿಬಿಎಸ್ ಓದುವಂತಿಲ್ಲ ಎಂದಿದ್ದರು. ಬರೀ ಸಂಖ್ಯೆ ನೋಡಿ ಹೊರಗೆ ಹಾಕುವಂತಿಲ್ಲ, ಆತ ಓದಬಲ್ಲನೇ ಎಂದು ಬೋರ್ಡ್ ನೋಡಿ ಹೇಳಬೇಕು ಎಂದಿತು ಕೋರ್ಟ್. ಆದರೆ ಇವೆಲ್ಲ ಪರೀಕ್ಷೆ, ಸೀಟಿನ ಮಾತು. ನಾಡಕಚೇರಿಯ ಪಿಂಚಣಿ ಅರ್ಜಿಗೆ ಈ ಗಾಳಿ ಇನ್ನೂ ಬೀಸಿಲ್ಲ.

ಅಲ್ಲಿ ಸರ್ಟಿಫಿಕೇಟಿನ ಜೊತೆ ಆದಾಯದ ದಾಖಲೆ, ವಾಸದ ದಾಖಲೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಇದನ್ನೆಲ್ಲ ಹೊಂದಿಸಲು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ. ಗೌರವಧನದಲ್ಲಿ ದುಡಿಯುತ್ತಾರೆ. ಬ್ರೋಕರ್ ಕೈಗೆ ದುಡ್ಡು ಕೊಡುವ ಮೊದಲು ಇವರನ್ನು ಹುಡುಕಿ.

ಪರ್ಸೆಂಟ್ ಕಡಿಮೆ ಬಂತು, ಅಥವಾ ಇಲ್ಲವೇ ಇಲ್ಲ ಅಂದರು ಎನ್ನಿ. ಕೊಡುವುದಿಲ್ಲ ಎಂದರೆ ಕಾರಣವನ್ನು ಬರೆದು ಕೊಡಬೇಕು ಎಂದು ನಿಯಮ ಇದೆ. ಬಾಯಿಮಾತಿನ 'ಆಗಲ್ಲ' ಹಿಡಿದುಕೊಂಡು ಮನೆಗೆ ಬರಬೇಡಿ. ಕಾಗದ ಕೈಲಿದ್ದರೆ 59ನೇ ಸೆಕ್ಷನ್‌ನಲ್ಲಿ ಮೇಲ್ಮನವಿ ಹೋಗಬಹುದು. ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು, ಅವರಿಗೆ ಸಿವಿಲ್ ಕೋರ್ಟಿನ ಕೆಲವು ಅಧಿಕಾರಗಳಿವೆ. ತಡವಾದರೆ? 2017ರ ನಿಯಮದಲ್ಲಿ ಒಂದು ತಿಂಗಳ ಗಡುವು ಇತ್ತು. 2024ರ ಅಕ್ಟೋಬರ್ ತಿದ್ದುಪಡಿ ಅದನ್ನು ಮೂರು ತಿಂಗಳು ಮಾಡಿತು. ಎರಡು ವರ್ಷದಲ್ಲಿ ತೀರ್ಮಾನ ಆಗದಿದ್ದರೆ ಅರ್ಜಿಯೇ ನಿಷ್ಕ್ರಿಯ, ಹೊಸದಾಗಿ ಹಾಕಬೇಕು. ತಡ ಮಾಡಿದವರು ಆಸ್ಪತ್ರೆಯವರು, ಮತ್ತೆ ಅರ್ಜಿ ಹಾಕುವವರು ಮಾತ್ರ ಅಂಗವಿಕಲರು. ಈ ನಿಯಮ ಬರೆದವರು ಗಾಲಿಕುರ್ಚಿಯನ್ನು ಬಸ್ಸಿಗೆ ಎತ್ತಿ ಹಾಕಿ ನೋಡಿಲ್ಲ ಅಂತ ಕಾಣುತ್ತದೆ.

ಇಷ್ಟೆಲ್ಲ ಅಲೆದು ಕೊನೆಗೆ ಸಿಗುವುದೆಷ್ಟು? 40ರ ಗೆರೆ ದಾಟಿ 75 ಮುಟ್ಟದವರಿಗೆ ಕರ್ನಾಟಕದಲ್ಲಿ ತಿಂಗಳಿಗೆ 600 ಇದ್ದದ್ದು 2021ರ ಘೋಷಣೆಯಲ್ಲಿ 800 ಆಯಿತು. ಅದೇ ಘೋಷಣೆಯಲ್ಲಿ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನ 1,000ದಿಂದ 1,200ಕ್ಕೆ ಏರಿತು. 2016ರ ಕಾಯ್ದೆಯ 24ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ಇತರರಿಗೆ ಇರುವ ಇಂಥದೇ ಯೋಜನೆಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ. 25 ಜಾಸ್ತಿ ಇರಬೇಕು. 1,200ಕ್ಕೆ ಶೇ. 25 ಸೇರಿಸಿದರೆ 1,500. ಯೋಜನೆ ಬೇರೆ, ವಯಸ್ಸು ಬೇರೆ, ಹೋಲಿಸಬಾರದು ಎಂದು ಇಲಾಖೆ ವಾದಿಸಬಹುದು. ಅರ್ಜಿದಾರರಿಂದ ಎಕ್ಸ್‌ರೇಯಿಂದ ಹಿಡಿದು ಮೂರನೇ ಕ್ಲಾಸಿನ ಕಾಪಿ ಪುಸ್ತಕದವರೆಗೆ ಎಲ್ಲ ಕೇಳುವ ಸರ್ಕಾರ, ಈ 800 ಯಾವ ಲೆಕ್ಕದಿಂದ ಬಂತು ಅನ್ನುವುದಕ್ಕೆ ಒಂದು ಹಾಳೆ ತೋರಿಸಲಿ.